ಐದು ನಕ್ಷತ್ರದ ಅಭಿಪ್ರಾಯ

ಹಸಿ ಹುಲ್ಲನ್ನು ಒದ್ದೆ ಸೌದೆಯ ಜೊತೆ ಸುಟ್ಟು, ಅದರ ಮೇಲೆ ಯಾರೋ ಹಳೆಯ ಬೆಲ್ಲ ಎರಚಿದ ಹಾಗೆ ಒಂದು ವಾಸನೆ. ಮೈಸೂರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಕಲ್ಲಿನ ಮಂಟಪವಿತ್ತು. ಬೆಟ್ಟಕ್ಕೆ ಹೋಗುವ ಬೈರಾಗಿಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಸಂಜೆಯಾದರೆ ಮಂಟಪದಿಂದ ಹೊಗೆ ಏಳುತ್ತಿತ್ತು. ನಮ್ಮಜ್ಜಿ ತಕ್ಷಣ ಹಿತ್ತಿಲ ಕಡೆಯ ಕಿಟಕಿ ಮುಚ್ಚುತ್ತಿದ್ದರು. "ಅದು ಭಂಗಿ ಸೊಪ್ಪು ಕಣೇ. ಮೂಗಿಗೆ ಹೋದರೆ ಕಲಿತ ಮಗ್ಗಿಯೆಲ್ಲ ಮರೆತುಹೋಗುತ್ತೆ" ಎಂದು ಹೆದರಿಸುತ್ತಿದ್ದರು. ಹಾಗೆ ಕಿಟಕಿ ಮುಚ್ಚಿದ ಅಜ್ಜಿಯೇ ಮರುಗಳಿಗೆ ಹಿತ್ತಿಲ ಬಾಗಿಲು ತೆಗೆದು, ಮುತ್ತುಗದೆಲೆಯಲ್ಲಿ ಮೊಸರನ್ನ ಕಟ್ಟಿಕೊಂಡು ಹೋಗಿ ಮಂಟಪದ ಜಗಲಿಯ ಮೇಲಿಟ್ಟು ಬರುತ್ತಿದ್ದರು. ಅಭಿಪ್ರಾಯ ಬೇರೆ, ಊಟ ಬೇರೆ ಎಂಬುದು ಅವರ ಸಿದ್ಧಾಂತ. ಈ ಎರಡನ್ನು ಬೆರೆಸಿದರೆ ಏನಾಗುತ್ತದೆ ಎಂದು ತಿಳಿಯಲು ನಾನು ಅಮೆರಿಕದ ಎಡಿಸನ್ ಎಂಬ ಊರಿನವರೆಗೆ ಬರಬೇಕಾಯಿತು.

ಮುಪ್ಪಿನಲ್ಲಿ ಅದೇ ವಾಸನೆ ನನಗೆ ಮತ್ತೆ ಸಿಕ್ಕಿದ್ದು ಎಡಿಸನ್ನಿನ ಹತ್ತಿರದ ಹೋಬೋಕನ್ ಎಂಬ ಊರಿನ ನದಿ ದಂಡೆಯಲ್ಲಿ ವಾಕಿಂಗ್ ಮಾಡುವಾಗ.

"ರೀ, ಇದು ಭಂಗಿ ಸೊಪ್ಪಿನ ವಾಸನೆ" ಎಂದೆ.

"ಅಲ್ಲ. ಇದು ಸ್ಕಂಕ್ ಅನ್ನೋ ಪ್ರಾಣಿ. ಹೆದರಿದರೆ ಹೀಗೆ ವಾಸನೆ ಬಿಡುತ್ತೆ" ಎಂದರು ನಮ್ಮವರು.

"ಆ ಬೆಂಚಿನ ಮೇಲಿರೋ ಹುಡುಗನ ಬಾಯಿಂದ ಹೊಗೆ ಬರ್ತಿದೆಯಲ್ಲ?"

"ಅವನೂ ಹೆದರಿರಬೇಕು."

ನಮ್ಮವರು ಎಂದರೆ ಗುರುರಾಜರಾಯರು. ಮೈಸೂರಿನ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಎಲ್ಲ ವಿಷಯದಲ್ಲೂ ಅವರಿಗೆ ಒಂದು ಅಭಿಪ್ರಾಯವಿದೆ, ಕೆಲವು ವಿಷಯಗಳಲ್ಲಿ ಎರಡಿವೆ. ನೌಕರಿಯಲ್ಲಿದ್ದಷ್ಟು ಕಾಲವೂ ಪತ್ರಿಕೆಗಳ ವಾಚಕರ ವಾಣಿಗೆ ಬರೆದರು. ಅಚ್ಚಾದದ್ದು ಒಂದೇ, ನಮ್ಮ ಬೀದಿಯ ದೀಪದ ಬಗ್ಗೆ. ಅದರಲ್ಲೂ ಹೆಸರು ತಪ್ಪಾಗಿತ್ತು. ಮಗಳು ನಂದಿತಾ ಮತ್ತು ಅಳಿಯ ಮುಕುಂದ್ ನಮ್ಮನ್ನು ಎಡಿಸನ್ನಿಗೆ ಕರೆಸಿಕೊಂಡ ಮೇಲೆ ಆ ವಾಣಿಗೂ ಜಾಗವಿಲ್ಲದಂತಾಯಿತು. ಅಲ್ಲಿನ ಕನ್ನಡಿಗರು ಶನಿವಾರ ಸೇರುವ ಹಿರಿಯರ ಬಳಗದಲ್ಲಿ ಮಾತಾಡಲು ಎದ್ದರೆ ಅಧ್ಯಕ್ಷ ಬದರಿಯವರು ಮುಂದೆ ಅಡುಗೆಮನೆಯ ಟೈಮರ್ ಇಡುತ್ತಿದ್ದರು. ನಮ್ಮವರು "ಮಾನ್ಯರೇ" ಎಂದು ಮುಗಿಸುವಷ್ಟರಲ್ಲಿ ಅದು ಕಿರ್ರ್ ಎನ್ನುತ್ತಿತ್ತು.

ಹೀಗಿರುವಾಗ ಅವರಿಗೆ ದಾರಿ ತೋರಿಸಿದವಳು ಮಾಲಾ.

ಮಾಲಾ ಧಾರವಾಡದ ಕಡೆಯವಳು. ನಮ್ಮ ಮನೆಯ ಹತ್ತಿರದ ಅಂಗಡಿ ಸಾಲಿನಲ್ಲಿ, ಲಾಂಡ್ರಿಗೂ ನೇಲ್ ಸಲೂನಿಗೂ ನಡುವೆ ಒಂದು ಖಾನಾವಳಿ ನಡೆಸುತ್ತಾಳೆ. ಸಂಜೆ ನ್ಯೂಯಾರ್ಕಿನಿಂದ ರೈಲಿಳಿದು ಬರುವ ಹುಡುಗ ಹುಡುಗಿಯರು ಅವಳಲ್ಲಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಸಿಕೊಂಡು ಹೋಗುತ್ತಾರೆ. ನಮ್ಮವರು ದಿನಾ ಹನ್ನೊಂದಕ್ಕೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಆ ಕುರ್ಚಿಯ ಮೇಲೆ ಅವಳು ಮೆತ್ತನೆಯ ದಿಂಬು ಹಾಕಿಟ್ಟಿದ್ದಳು. ಅವರ ಬೆನ್ನುನೋವಿನ ವಿಷಯ ನಾವು ಯಾರೂ ಅವಳಿಗೆ ಹೇಳಿರಲಿಲ್ಲ.

ಒಂದು ದಿನ ಅವಳು ಕೇಳಿದಳು. "ಅಂಕಲ್, ಆನ್‌ಲೈನಿನ್ಯಾಗ ನಮ್ಮ ಖಾನಾವಳಿ ಬಗ್ಗೆ ಎರಡು ಸಾಲು ಛಲೋ ಬರದು ಹಾಕ್ರಿ. ಹೊಸ ಮಂದಿ ಬರ್ತಾರ."

ಮುಕುಂದ್ ಮಾವನವರ ಫೋನಿನಲ್ಲಿ ಅದನ್ನು ಹೇಗೆ ಬರೆಯುವುದೆಂದು ತೋರಿಸಿಕೊಟ್ಟ. ನಮ್ಮವರು ಎಣ್ಣೆಗಾಯಿಯನ್ನು ಹೊಗಳಿ ಬರೆದು, ಐದು ನಕ್ಷತ್ರ ಒತ್ತಿ, ಫೋನನ್ನೇ ನೋಡುತ್ತಾ ಕುಳಿತರು. ಅದು ಹಾಗೆಯೇ ಪ್ರಕಟವಾಯಿತು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

"ರಮಾ, ಇಲ್ಲಿ ಸಂಪಾದಕರೇ ಇಲ್ಲ ಕಣೇ! ಬರೆದ ತಕ್ಷಣ ಅಚ್ಚು!"

ಮಾಲಾ ಅದರ ಕೆಳಗೆ "ಥ್ಯಾಂಕ್ ಯು ಅಂಕಲ್" ಎಂದು ಉತ್ತರ ಬೇರೆ ಬರೆದಳು. ಜೀವಮಾನದಲ್ಲಿ ಅವರ ಪತ್ರಕ್ಕೆ ಬಂದ ಮೊದಲ ಉತ್ತರ ಅದು. ಅಂದಿನಿಂದ ಪ್ರತಿ ಗುರುವಾರ, ಊಟವಾದ ಮೇಲೆ, ಪ್ರಚಲಿತ ವಿದ್ಯಮಾನಗಳ ಬಗ್ಗೆ ಅವರ ಅಂಕಣ ಮಾಲಾ ಖಾನಾವಳಿಯ ಪುಟದಲ್ಲಿ ಬರತೊಡಗಿತು. ಹಡ್ಸನ್ ನದಿಯ ಸುರಂಗದ ಬಗ್ಗೆ, ಮೊಟ್ಟೆಯ ಬೆಲೆಯ ಬಗ್ಗೆ, ಗಡಿಯಾರವನ್ನು ವರ್ಷಕ್ಕೆರಡು ಸಲ ತಿರುಗಿಸುವ ಅಮೆರಿಕನ್ನರ ಚಟದ ಬಗ್ಗೆ. ಅದು ಊಟದ ವಿಮರ್ಶೆಗೆ ಮೀಸಲಾದ ಪುಟ ಎಂಬುದನ್ನು ಅವರು ಮರೆತಿರಲಿಲ್ಲ. ಆದ್ದರಿಂದ ಪ್ರತಿ ಅಂಕಣವನ್ನೂ ಒಂದೇ ವಾಕ್ಯದಿಂದ ಶುರು ಮಾಡುತ್ತಿದ್ದರು: "ಇಲ್ಲಿ ಉಂಡ ಮೇಲೆ ಲೋಕದ ಸಮಸ್ಯೆಗಳೆಲ್ಲ ನನಗೆ ತಿಳಿಯಾಗಿ ಕಾಣುತ್ತವೆ."

ಮಾಲಾ ಮೊದಲ ಸಾಲು ಓದಿ, ಕೊನೆಯ ನಕ್ಷತ್ರ ನೋಡಿ, ಥ್ಯಾಂಕ್ ಯು ಹಾಕುತ್ತಿದ್ದಳು. ಪಾಪ, ಒಲೆಯ ಮೇಲೆ ರೊಟ್ಟಿ ಇಟ್ಟುಕೊಂಡವಳಿಗೆ ನಡುವಿನದನ್ನು ಓದುವ ಪುರುಸೊತ್ತೆಲ್ಲಿ?

ಆಪತ್ತು ಬಂದದ್ದು ರಾತ್ರಿಯೂಟದ ಮೇಜಿನಿಂದ. ಪಕ್ಕದ ಊರಿನಲ್ಲಿ ಗಾಂಜಾ, ಅಂದರೆ ಅದೇ ಭಂಗಿ ಸೊಪ್ಪು, ಮಾರುವ ಅಂಗಡಿ ತೆರೆದಿದ್ದಾರೆ, ರಾಜ್ಯದ ಲೈಸೆನ್ಸ್ ಇದೆ, ಆದರೆ ಅಲ್ಲಿ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ ಎಂದು ಮುಕುಂದ್ ಸುಮ್ಮನೆ ಹೇಳಿದ.

ನಮ್ಮವರ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು. "ಯಾಕೆ ನಡೆಯಲ್ಲ?"

"ಸ್ಟೇಟ್ ಓಕೆ ಅಂದಿದೆ ಮಾವ, ಫೆಡರಲ್ ಲಾ ಪ್ರಕಾರ ಇನ್ನೂ ಇಲ್ಲೀಗಲ್. ಅದಕ್ಕೇ ಕಾರ್ಡ್ ಕಂಪನಿಗಳು ಮುಟ್ಟಲ್ಲ. ಎಲ್ಲಾ ಕ್ಯಾಶ್."

"ಅಂದರೆ, ರಾಜ್ಯ ಬಾಗಿಲು ತೆರೆದು ತೆರಿಗೆ ಇಸ್ಕೊಳ್ಳುತ್ತೆ, ಕೇಂದ್ರ ಕಣ್ಣು ಮುಚ್ಕೊಂಡಿರುತ್ತೆ, ಕಾರ್ಡಿನವರು ಕೈ ತೊಳ್ಕೊಂಡಿರ್ತಾರೆ. ಸಂಜೆ ಗಲ್ಲಾದಲ್ಲಿ ಕೂತ ಹುಡುಗಿ ಮಾತ್ರ ನೋಟಿನ ಚೀಲ ಹಿಡ್ಕೊಂಡು ಒಬ್ಬಳೇ ಕತ್ತಲಲ್ಲಿ ಕಾರಿಗೆ ನಡೀಬೇಕು!"

"ಅಪ್ಪಾ, ನಿಮಗೆ ಯಾಕೆ ಅದು? ಹಪ್ಪಳ ತಿನ್ನಿ" ಎಂದಳು ನಂದಿತಾ.

ಅಡಿಕೆಯನ್ನೂ ಬಾಯಿಗೆ ಹಾಕದ ಮನುಷ್ಯ ಅವರು. ಆದರೆ ಕ್ಯಾಷಿಯರ್ ಆಗಿದ್ದ ದಿನಗಳಲ್ಲಿ ನಗದಿನ ಪೆಟ್ಟಿಗೆಯ ಜೊತೆ ಜೀಪಿನಲ್ಲಿ ಕೂತು ಬೆವರಿದವರು. ಕಾಣದ ಆ ಹುಡುಗಿಯ ಚಿಂತೆ ಅವರನ್ನು ಹಿಡಿದುಬಿಟ್ಟಿತು. ಗುರುವಾರದ ಅಂಕಣ ಸಿದ್ಧವಾಯಿತು. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು: ಇಲ್ಲಿ ಉಂಡ ಮೇಲೆ ಲೋಕದ ಸಮಸ್ಯೆಗಳೆಲ್ಲ ನನಗೆ ತಿಳಿಯಾಗಿ ಕಾಣುತ್ತವೆ. ಗಾಂಜಾ ಮಾರುವ ಅಂಗಡಿ ಕಾರ್ಡ್ ತೆಗೆದುಕೊಂಡರೆ ತಪ್ಪೇನು? ಗ್ರಾಹಕ ಸಂತೋಷವಾಗಿ ಮನೆಗೆ ಹೋಗುತ್ತಾನೆ, ಅಂಗಡಿಯವಳು ಕ್ಷೇಮವಾಗಿ ಮನೆಗೆ ಹೋಗುತ್ತಾಳೆ. ಇಂಥ ಅಂಗಡಿಗಳು ಚಿರಾಯುವಾಗಲಿ. ಐದು ನಕ್ಷತ್ರ.

"ಥ್ಯಾಂಕ್ ಯು ಅಂಕಲ್" ಎಂದು ಬರೆದಳು ಮಾಲಾ.

ಮುಂದಿನ ಸೋಮವಾರ ಅವಳ ಕಾರ್ಡ್ ಮೆಷಿನ್ ನಿಂತುಹೋಯಿತು. ಯಾರ ಕಾರ್ಡ್ ತಾಗಿಸಿದರೂ ಕೆಂಪು ಅಕ್ಷರ. ಅಂಗಡಿಯ ಖಾತೆಯನ್ನೇ ತಡೆಹಿಡಿದಿದ್ದೇವೆ, ಪರಿಶೀಲನೆ ನಡೆಯುತ್ತಿದೆ ಎಂದು ಕಾರ್ಡ್ ಕಂಪನಿಯಿಂದ ಒಂದು ಸಾಲಿನ ಮೇಲ್. ಕಾರಣವಿಲ್ಲ, ಸಹಿಯಿಲ್ಲ. ರೈಲಿಳಿದು ಬಂದ ಮಕ್ಕಳ ಜೇಬಿನಲ್ಲಿ ಫೋನಿತ್ತು, ಕಾರ್ಡಿತ್ತು, ನೋಟು ಮಾತ್ರ ಇರಲಿಲ್ಲ. ಮಾಲಾ "ಇರ್ಲಿ ತಮ್ಮಾ, ಹಸಗೊಂಡು ಹೋಗಬ್ಯಾಡ, ಆಮ್ಯಾಲೆ ಕೊಡು" ಎಂದು ಎಲ್ಲರಿಗೂ ಡಬ್ಬಿ ಕೊಟ್ಟಳು. ಆಫೀಸುಗಳಿಂದ ಬರುತ್ತಿದ್ದ ದೊಡ್ಡ ಆರ್ಡರುಗಳು ಕಾರ್ಡಿಲ್ಲವೆಂದು ನಿಂತೇಹೋದವು.

"ತಿಂಗಳ ಕೊನೀಗೆ ಬಾಡಿಗಿ ಕಟ್ಟಬೇಕ್ರಿ ಆಂಟಿ. ಮೆಷಿನ್ ಚಾಲೂ ಆಗಲಿಲ್ಲಂದ್ರ ಖಾನಾವಳಿ ಮುಚ್ಚೂದ" ಎಂದಳು ನನ್ನ ಹತ್ತಿರ, ಈರುಳ್ಳಿ ಹೆಚ್ಚುತ್ತಾ. ಕಣ್ಣಲ್ಲಿ ನೀರಿತ್ತು. ಈರುಳ್ಳಿ ಇದ್ದದ್ದು ಅವಳಿಗೆ ಅನುಕೂಲವಾಯಿತು.

ನಮ್ಮವರು ಕುರ್ಚಿಯಿಂದ ಎದ್ದು ನಿಂತರು. "ನಾನು ಹೇಳಿರಲಿಲ್ಲವೇ, ಕಾರ್ಡ್ ಕಂಪನಿಗಳ ದರ್ಪ! ಮಾಲಾ, ನೀನು ಹೆದರಬೇಡ. ನಾನು ಬರೀತೀನಿ."

ಬರೆದರು. ಗುರುವಾರದವರೆಗೂ ಕಾಯದೆ ಅವತ್ತೇ ಬರೆದರು. ಇಲ್ಲಿ ಉಂಡ ಮೇಲೆ ಲೋಕದ ಸಮಸ್ಯೆಗಳೆಲ್ಲ ತಿಳಿಯಾಗಿ ಕಾಣುತ್ತವೆ. ನಾನು ಎಚ್ಚರಿಸಿದ ಅನ್ಯಾಯ ಈಗ ಇದೇ ಅಂಗಡಿಗೆ ಬಂದಿದೆ! ಈ ತಾಯಿ ವರ್ಷಗಳಿಂದ ಸದ್ದಿಲ್ಲದೆ ಜನರಿಗೆ ಏನು ಕೊಡುತ್ತಾ ಬಂದಿದ್ದಾಳೆಂದು ನಮಗೆಲ್ಲ ಗೊತ್ತು!

ಬೆಂಕಿ ಆರಿಸಲು ಹೋದವರು ತುಪ್ಪದ ಕೊಡವನ್ನೇ ಎತ್ತಿಕೊಂಡು ಹೋದರು ಎಂದು ಇತಿಹಾಸಕಾರರು ಮುಂದೆ ಬರೆಯಬಹುದು.

ಶನಿವಾರ ಮಧ್ಯಾಹ್ನ ಹೋಬೋಕನ್‌ನಿಂದ ಇಬ್ಬರು ಅಮೆರಿಕನ್ ಹುಡುಗರು ಬಂದರು. ಗಡ್ಡ ಬಿಟ್ಟವನೊಬ್ಬ, ಉಣ್ಣೆಯ ಟೋಪಿಯವನೊಬ್ಬ. ನಾನು ಮೂಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಗಡ್ಡದವನು ಕೌಂಟರಿನ ಮೇಲೆ ಬಾಗಿ, ದನಿ ತಗ್ಗಿಸಿ, "ಮ್ಯಾಮ್, ಆ ಓಲ್ಡ್ ಜೆಂಟಲ್ಮನ್ ತಗೊಳ್ಳೋ ಸ್ಪೆಷಲ್ ನಮಗೂ ಬೇಕು" ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಕೇಳಿದ.

ಶನಿವಾರದ ಸ್ಪೆಷಲ್ ಶೇಂಗಾ ಹೋಳಿಗೆ. ಮಾಲಾ ತುಪ್ಪ ಸುರಿದು ಬಡಿಸಿದಳು.

"ಎಷ್ಟು ಹೊತ್ತಿಗೆ ಕೆಲಸ ಮಾಡುತ್ತೆ?" ಎಂದು ಟೋಪಿಯವನು ಕೇಳಿದ.

"ಲಗೂನ ಮಾಡ್ತೈತಿ" ಎನ್ನುವುದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಹಸಿವಿನ ವಿಷಯ ಕೇಳುತ್ತಿದ್ದಾನೆಂದು ಅವಳು ತಿಳಿದಿದ್ದಳು.

ಹೋಳಿಗೆಯ ಮೇಲೆ ಹೋಳಿಗೆ ತಿಂದು, ಚಳಿಗಾಲದ ಬಿಸಿಲು ಕಿಟಕಿಯಿಂದ ಬೆನ್ನಿಗೆ ಬಿದ್ದು, ಇಬ್ಬರೂ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದರು. ಮಾಲಾ ಸದ್ದಾಗದಂತೆ ಅವರ ತಲೆಯ ಹತ್ತಿರದಿಂದ ತಟ್ಟೆ ಸರಿಸಿದಳು. ಸರಿಯಾಗಿ ಆಗಲೇ ಬದರಿಯವರು ಒಳಗೆ ಬರಬೇಕೇ?

"ಏನಿದು! ಹಾಡುಹಗಲೇ ಇಬ್ಬರು ಉರುಳಿದ್ದಾರೆ!"

ಗಡ್ಡದವನು ಕಣ್ಣು ತೆರೆದ. ಮುಖದಲ್ಲಿ ಕೈಲಾಸ ಕಂಡ ಕಳೆ. "ಬೆಸ್ಟ್ ಐ ಎವರ್ ಹ್ಯಾಡ್" ಎಂದು ಬದರಿಯವರ ಕೈ ಕುಲುಕಿ, ತಾನು ಇಲ್ಲಿಗೆ ಬರಲು ಕಾರಣವಾದ ಬರಹವನ್ನು ಫೋನಿನಲ್ಲಿ ತೋರಿಸಿದ. ಬದರಿಯವರು ಓದಿದರು. ಫೋನನ್ನು ನನ್ನ ಕಡೆ ಚಾಚಿದರು. ನಾನು ಕನ್ನಡಕ ಹಾಕಿಕೊಂಡೆ. ಕೆಳಗಿನ ಹೆಸರು ಓದುವ ಅಗತ್ಯವೇ ಬೀಳಲಿಲ್ಲ. ಆ ಗದ್ಯ ಮದುವೆಯಾದಾಗಿನಿಂದ ನನಗೆ ಗೊತ್ತು.

ಅಷ್ಟರಲ್ಲಿ ನಮ್ಮವರೂ ಬಂದರು. ಮಾಲಾ ತನ್ನ ಫೋನಿನಲ್ಲಿ ಮೊದಲ ಸಲ ನಡುವಿನ ಸಾಲುಗಳನ್ನೆಲ್ಲ ಓದಿದಳು. ಒಲೆಯ ಮೇಲೆ ರೊಟ್ಟಿ ಸೀದುಹೋಯಿತು.

"ಅಂಕಲ್," ಎಂದಳು ಕೊನೆಗೆ, "ನೀವು ಇನ್ನ ಮ್ಯಾಲೆ ಏನೂ ಬರೀಬ್ಯಾಡ್ರಿ." ಬಯ್ಯಲಿಲ್ಲ. ಬೈದಿದ್ದರೆ ಅವರು ಉತ್ತರ ಕೊಡಬಹುದಿತ್ತು.

ನಮ್ಮವರು ಅಂದಿನಿಂದ ಕಿಟಕಿಯ ಕುರ್ಚಿಯಲ್ಲಿ ಕೂರಲಿಲ್ಲ. ದಿನಾ ಹನ್ನೊಂದಕ್ಕೆ ಹೋಗಿ, ಖಾನಾವಳಿಯ ಹೊರಗೆ ಲಾಂಡ್ರಿಯವರ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಕೂತು ಬರುತ್ತಿದ್ದರು. ಬರೆದದ್ದನ್ನೆಲ್ಲ ಅಳಿಸಿಬಿಡುತ್ತೇನೆ ಎಂದರೆ ನಂದಿತಾ, "ಅಪ್ಪಾ, ಡೋಂಟ್ ಯು ಡೇರ್! ಎವಿಡೆನ್ಸ್ ಅಳಿಸಿದ ಹಾಗಾಗುತ್ತೆ" ಎಂದು ತಡೆದಳು. ಅವಳು ಕಾರ್ಡ್ ಕಂಪನಿಗೆ ಫೋನ್ ಮಾಡಿ ಮಾಡಿ, ಯಾರಾದರೂ ಜೀವಂತ ಮನುಷ್ಯರನ್ನು ಕಳಿಸಿ ಎಂದು ಹಟ ಹಿಡಿದಳು. ಮನೆಯಲ್ಲಿ ನಮ್ಮವರು ಟಿವಿ ಸುದ್ದಿ ನೋಡಿಯೂ ಸುಮ್ಮನಿದ್ದರು. ಮೊಟ್ಟೆಯ ಬೆಲೆ ಮತ್ತೆ ಏರಿತು. ಅವರು ಬಾಯಿಬಿಡಲಿಲ್ಲ. ನನಗೆ ಭಯವಾಯಿತು.

ಊರು ಮಾತ್ರ ಸುಮ್ಮನಿರಲಿಲ್ಲ. ಬಳಗದ ಒಬ್ಬಾಕೆ ನನಗೆ ಫೋನ್ ಮಾಡಿದರು.

"ರಮಾಮಣಿ, ಮಾಲಾ ಸಾರಿಗೆ ಏನೋ ಹಾಕ್ತಾಳಂತಲ್ಲ!"

"ಹಾಗಂತ ಯಾರು ಹೇಳಿದರು?"

"ಎಲ್ಲರೂ ಹೇಳ್ತಿದ್ದಾರೆ. ಅದಕ್ಕೇ ನಾವು ಇವತ್ತು ಎರಡು ಡಬ್ಬಿ ಜಾಸ್ತಿ ತರಿಸಿದ್ವಿ."

ಮುಂದಿನ ಬುಧವಾರ ಕಂಪನಿಯ ಜೀವಂತ ಮನುಷ್ಯರು ಬಂದರು. ಡೆನೀಸ್ ಎಂದು ಹೆಸರು, ಐವತ್ತರ ಆಸುಪಾಸಿನ ಕಪ್ಪು ಹೆಂಗಸು, ಕೈಯಲ್ಲಿ ಟ್ಯಾಬ್ಲೆಟ್. ಅವರು ಬರುವ ಸುದ್ದಿ ತಿಳಿದು ಬದರಿಯವರು ಇಡೀ ಹಿರಿಯರ ಬಳಗವನ್ನು ಕರೆತಂದಿದ್ದರು. ಬೆಂಬಲಕ್ಕೆ ಎಂದು ಅವರು ಹೇಳಿದರು. ಬಹುಪಾಲು ಜನ ತಟ್ಟೆ ಹಿಡಿದಿದ್ದರು. ಮಾಲಾ ಒರೆಸಿದ ಕೌಂಟರನ್ನೇ ಮತ್ತೆ ಒರೆಸುತ್ತಾ ನಿಂತಿದ್ದಳು. ಡೆನೀಸ್ ಮಾಡಿದ ಮೊದಲ ಕೆಲಸವೆಂದರೆ ಒಂದು ಕುರ್ಚಿ ಎಳೆದು ಅವಳನ್ನು ಕೂರಿಸಿದ್ದು. ಆಗಲೇ ನನಗೆ ಧೈರ್ಯ ಬಂತು.

ಡೆನೀಸ್ ಅಡುಗೆಮನೆಗೆ ಹೋದರು. ಅಲ್ಲಿ ತಟ್ಟೆಯ ತುಂಬ ಒಣಗಿದ ಹಸಿರು ಎಲೆ.

"ಇದೇನು?"

"ಕರಿಬೇವು" ಎಂದು ಬಳಗವೆಲ್ಲ ಒಂದೇ ಕೊರಳಿನಲ್ಲಿ ಕೂಗಿತು. ಅಷ್ಟು ಒಗ್ಗಟ್ಟು ಸಂಶಯಕ್ಕೆ ಕಾರಣವಾಗುತ್ತದೆ. ಡೆನೀಸ್ ಹುಬ್ಬೇರಿಸಿದರು.

ಬದರಿಯವರು ಮುಂದೆ ಬಂದರು. "ಮೇಡಂ, ನಾನು ರಿಟೈರ್ಡ್ ಇಂಜಿನಿಯರ್, ಸುಳ್ಳು ಹೇಳುವವನಲ್ಲ. ಇಲ್ಲಿ ಊಟ ಮಾಡಿದ ದಿನ ನಾನು ಸಂಜೆವರೆಗೂ ನಿದ್ದೆ ಮಾಡ್ತೀನಿ. ಆದರೆ ಅದು ನನ್ನ ಸ್ವಂತ ನಿದ್ದೆ."

ಡೆನೀಸ್ ಟ್ಯಾಬ್ಲೆಟ್ಟಿನಲ್ಲಿ ಏನೋ ಬರೆದುಕೊಂಡರು. ಮಾಲಾ ಕಣ್ಣು ಮುಚ್ಚಿಕೊಂಡಳು. ಇನ್ನು ತಡೆಯಲಾಗದೆ ನಾನು ಎದ್ದೆ.

"ಮೇಡಂ, ಇಲ್ಲಿ ಗಾಂಜಾ ಇಲ್ಲ. ಇದ್ದಿದ್ದರೆ ಬಾಗಿಲಲ್ಲೇ ಹೇಳುತ್ತಿದ್ದೆ. ಆ ವಾಸನೆ ನನಗೆ ಚಿಕ್ಕಂದಿನಿಂದ ಚೆನ್ನಾಗಿ ಗೊತ್ತು" ಎಂದೆ, ಒಳ್ಳೆಯ ಇಂಗ್ಲಿಷಿನಲ್ಲಿ.

ಮಹಾರಾಣಿ ಕಾಲೇಜಿನ ಪದವೀಧರೆ, ಪ್ರತಿ ಶನಿವಾರ ಬಳಗದ ಪ್ರಾರ್ಥನೆ ಹಾಡುವವಳು, ಹೀಗೆ ಹೇಳಿದ್ದನ್ನು ಜನ ಅರಗಿಸಿಕೊಳ್ಳುತ್ತಿದ್ದರು. ಒಬ್ಬರ ತಟ್ಟೆಯಿಂದ ಚಮಚ ಬಿತ್ತು. ಡೆನೀಸ್ ತುಟಿ ಕಚ್ಚಿಕೊಂಡು ಕರಿಬೇವನ್ನು ಮೂಸಿ, ನನ್ನತ್ತ ನೋಡಿ, ತಲೆಯಾಡಿಸಿದರು.

"ಎಲೆಯಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಬರಹದಲ್ಲಿ. ನಮ್ಮ ಕಂಪ್ಯೂಟರ್ ಅಂಗಡಿಗಳ ಪುಟಗಳನ್ನು ಓದುತ್ತೆ. ಇಲ್ಲೊಬ್ಬ ಗ್ರಾಹಕ ಗಾಂಜಾ, ಕಾರ್ಡ್, ಈ ಅಂಗಡಿ ಎಂದೆಲ್ಲ ಬರೆದಿದ್ದಾನೆ. ಅಂಗಡಿಯವರು ಕೆಳಗೆ ಥ್ಯಾಂಕ್ ಯು ಎಂದಿದ್ದಾರೆ. ಯಾರು ಈ ಗುರುರಾಜ್?"

ಬಾಗಿಲು ತೆರೆಯಿತು. ನಮ್ಮವರು ಮಫ್ಲರ್ ಬಿಚ್ಚುತ್ತಾ ಒಳಗೆ ಬಂದರು. ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಬ್ಯಾಂಕಿನ ಬೀಳ್ಕೊಡುಗೆಯ ದಿನ ಬಿಟ್ಟರೆ ನೋಡಿರಲಿಲ್ಲ.

"ನಾನೇ. ಇವಳದೇನೂ ತಪ್ಪಿಲ್ಲ. ಅವು ಊಟದ ವಿಮರ್ಶೆಗಳಲ್ಲ ಮೇಡಂ, ಅಭಿಪ್ರಾಯಗಳು. ನನ್ನ ಅಭಿಪ್ರಾಯಕ್ಕೆ ಬೇರೆ ಜಾಗವಿರಲಿಲ್ಲ. ಒಂದನ್ನೇ ಓದಿದರೆ ನಾನು ಗಾಂಜಾ ಗಿರಾಕಿ. ಎಲ್ಲವನ್ನೂ ಓದಿದರೆ ಬರೀ ಹರಟೆಮಲ್ಲ. ದಯವಿಟ್ಟು ಎಲ್ಲವನ್ನೂ ಓದಿ."

"ಓದಿ ಹೇಳಿ" ಎಂದು ಡೆನೀಸ್ ಕೂತರು.

ನಮ್ಮವರು ಫೋನ್ ಹಿಡಿದು ಮೊದಲಿನಿಂದ ಓದಿದರು. ಎಣ್ಣೆಗಾಯಿ. ಸುರಂಗ. ಮೊಟ್ಟೆ. ಗಡಿಯಾರ. ಪ್ರತಿ ಅಂಕಣಕ್ಕೂ ಮುಂಚೆ ಇಲ್ಲಿ ಉಂಡ ಮೇಲೆ ಲೋಕದ ಸಮಸ್ಯೆಗಳೆಲ್ಲ. ಮೂರನೆಯದಕ್ಕೆ ಬಳಗದವರು ಆ ಸಾಲನ್ನು ಜೊತೆಗೂಡಿ ಹೇಳತೊಡಗಿದರು, ಭಜನೆಯ ಪಲ್ಲವಿಯ ಹಾಗೆ. ಬದರಿಯವರ ಕೈ ಅಭ್ಯಾಸಬಲದಿಂದ ಜೇಬಿನ ಟೈಮರಿನತ್ತ ಹೋಯಿತು. ನಾನು ನೋಡಿದೆ. ಕೈ ಖಾಲಿಯಾಗಿಯೇ ಹೊರಬಂತು.

ಶಾಲೆಯ ಮುಂದೆ ಸ್ಟಾಪ್ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸಿಗೆ ಚಳಿಯಲ್ಲಿ ಕೂರಲು ಒಂದು ಪುಟ್ಟ ಗೂಡು ಕಟ್ಟಿಸಿಕೊಡಬೇಕು ಎಂಬ ಅಂಕಣ ಬಂದಾಗ ಡೆನೀಸ್ ಕೈಯೆತ್ತಿದರು.

"ಇದನ್ನು ಇನ್ನೊಮ್ಮೆ ಓದಿ."

ಓದಿದರು.

"ನಮ್ಮಮ್ಮ ಇಲ್ಲೇ ನ್ಯೂಅರ್ಕ್ ಊರಿನಲ್ಲಿ ಅದೇ ಕೆಲಸ ಮಾಡುತ್ತಿದ್ದಳು" ಎಂದರು ಡೆನೀಸ್. ಮಾಲಾ ಒಂದು ಲೋಟ ಬಿಸಿ ಚಹ ತಂದು ಅವರ ಪಕ್ಕದಲ್ಲಿಟ್ಟಳು.

ಕೊನೆಗೆ ಗಾಂಜಾ ಅಂಕಣವೂ ಬಂತು. ಗಲ್ಲಾದಲ್ಲಿ ಕೂತ ಹುಡುಗಿ, ನೋಟಿನ ಚೀಲ, ಕತ್ತಲು, ಎಲ್ಲ ಓದಿ ನಮ್ಮವರು ತಲೆ ತಗ್ಗಿಸಿ ನಿಂತರು.

ಡೆನೀಸ್ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಆಫ್ ದಿ ರೆಕಾರ್ಡ್, ಮಿಸ್ಟರ್ ಗುರುರಾಜ್. ಯು ಹ್ಯಾವ್ ಎ ಪಾಯಿಂಟ್."

ನಮ್ಮವರು ಬಿಚ್ಚಿದ್ದ ಮಫ್ಲರನ್ನು ಮತ್ತೆ ಸುತ್ತಿಕೊಂಡರು. ತಮ್ಮ ಅಭಿಪ್ರಾಯವನ್ನು ಯಾರಾದರೂ ಒಪ್ಪಿಕೊಂಡರೆ ಏನು ಹೇಳಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಇದುವರೆಗೆ ಆ ಪ್ರಸಂಗ ಬಂದಿರಲಿಲ್ಲ.

ಡೆನೀಸ್ ಟ್ಯಾಬ್ಲೆಟ್ಟನ್ನು ಮತ್ತೆ ಎತ್ತಿಕೊಂಡು, ಏನೇನೋ ಒತ್ತಿ, ಮಾಲಾಗೆ ಮೆಷಿನ್ ಹಚ್ಚಲು ಹೇಳಿದರು. "ಪರೀಕ್ಷೆ ಮಾಡಬೇಕು. ನನಗೆ ಒಂದು ಊಟ."

"ನಿಮಗ ಹಂಗೇ ಕೊಡ್ತೀನ್ರೀ" ಎಂಬುದನ್ನು ಮಾಲಾ ಇಂಗ್ಲಿಷಿನಲ್ಲಿ ಹೇಳಿದಳು.

"ಹಾಗೆ ತಿಂದರೆ ನನ್ನ ಕೆಲಸ ಹೋಗುತ್ತೆ" ಎಂದು ನಕ್ಕು, ಡೆನೀಸ್ ತಮ್ಮ ಸ್ವಂತ ಕಾರ್ಡ್ ತೆಗೆದು ಮೆಷಿನ್ನಿಗೆ ತಾಗಿಸಿದರು.

ಮೆಷಿನ್ ಯೋಚಿಸಿತು. ಬಳಗದಲ್ಲಿ ಇಬ್ಬರು ಕಣ್ಮುಚ್ಚಿ ದೇವರನ್ನು ನೆನೆದರು. ಆಮೇಲೆ ಪೀಂಯ್ ಎಂದು ಸದ್ದಾಗಿ ಹಸಿರು ಅಕ್ಷರ ಬೆಳಗಿತು. ಅಪ್ರೂವ್ಡ್!

ಕೊನೆಯ ಚೆಂಡಿಗೆ ಸಿಕ್ಸರ್ ಬಿದ್ದರೂ ಅಷ್ಟು ಚಪ್ಪಾಳೆ ಬೀಳುವುದಿಲ್ಲ. ಲಾಂಡ್ರಿಯವರು, ನೇಲ್ ಸಲೂನಿನವರು ಓಡಿಬಂದರು. ಬದರಿಯವರು ಕುರ್ಚಿ ಹತ್ತಿ, ಬರುವ ಶನಿವಾರದಿಂದ ಗುರುರಾಜರಾಯರಿಗೆ ಟೈಮರ್ ಇಲ್ಲ ಎಂದು ಘೋಷಿಸಿದರು. ಸಂಜೆ ರೈಲಿಳಿದು ಬಂದ ಮಕ್ಕಳು ಬಾಗಿಲಿನಾಚೆಗೂ ಸಾಲು ನಿಂತರು. ಕಾರ್ಡಿನ ಮೇಲೆ ಕಾರ್ಡ್, ಪೀಂಯ್ ಪೀಂಯ್. ಒಬ್ಬೊಬ್ಬರೂ ಹಿಂದಿನ ಡಬ್ಬಿಗಳನ್ನೂ ಸೇರಿಸಿಕೊಳ್ಳಿ ಎಂದು ತಾವಾಗಿಯೇ ಹೇಳಿದರು. ಹೋಬೋಕನ್ನಿನ ಗಡ್ಡದವನು ಸ್ನೇಹಿತರ ದಂಡು ಕಟ್ಟಿಕೊಂಡು ಬಂದಿದ್ದ. ಅದರಲ್ಲಿ ಇರುವುದು ಶೇಂಗಾ, ಬೆಲ್ಲ, ತುಪ್ಪ ಮಾತ್ರ ಎಂದು ಎಷ್ಟು ಹೇಳಿದರೂ ಅವನು ನನ್ನತ್ತ ಕಣ್ಣು ಮಿಟುಕಿಸಿ ನಕ್ಕ.

ನಮ್ಮವರು ಗದ್ದಲದಲ್ಲಿ ಮೆಲ್ಲಗೆ ಜಾರಿ ಹೊರಗೆ ತಮ್ಮ ಬೆಂಚಿನ ಮೇಲೆ ಹೋಗಿ ಕೂತಿದ್ದರು. ನಾನು ಕೋಟು ಹಾಕಿಕೊಂಡು ಅವರ ಪಕ್ಕದಲ್ಲಿ ನಿಂತೆ. ಗೆದ್ದರೂ ಒಳಗೆ ಹೋಗಲು ಸಂಕೋಚ. ಬರೀಬ್ಯಾಡ್ರಿ ಎಂದವಳು ಬನ್ರಿ ಎಂದಿರಲಿಲ್ಲ.

ಕಿಟಕಿಯಿಂದ ಒಳಗೆ ಕಾಣುತ್ತಿತ್ತು. ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಮಾಲಾ ಆ ದಿನದ ಊಟವನ್ನೆಲ್ಲ ಎಡಗಡೆಗೆ ಒತ್ತಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದಳು. ಬಲಗಡೆ ಅರ್ಧ ಹಲಗೆ ಖಾಲಿ. ಅದರ ತಲೆಯ ಮೇಲೆ 'ಅಂಕಲ್, ಗುರುವಾರ' ಎಂದಿತ್ತು. ಕೆಳಗೆ ಒಂದು ಹೊಸ ಸೀಮೆಸುಣ್ಣ.

ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಲಗೇನ ಕಂಪ್ಯೂಟರ್ ಓದಲ್ಲ, ಅಲ್ವೇನೇ ರಮಾ?" ಎಂದರು.

"ಓದಲ್ಲ ಬಿಡಿ" ಎಂದೆ.

ಖಾನಾವಳಿಯ ಹಿಂದಿನ ಬಾಗಿಲು ಸದ್ದಾಯಿತು. ಮುಂದೆ ಅಷ್ಟು ಜನರ ಸಾಲಿದ್ದರೂ ಮಾಲಾ ಅಡುಗೆಮನೆಯ ಕಡೆಯಿಂದ ಸುತ್ತಿ ಬಂದಿದ್ದಳು, ಕೈಯಲ್ಲಿ ಹಿಟ್ಟು ಹಾಗೆಯೇ ಇತ್ತು. ಬೆಂಚಿನ ಮೇಲೆ ಕೂತವರ ಮಡಿಲಲ್ಲಿ ಮೂರು ಅಂತಸ್ತಿನ ಸ್ಟೀಲಿನ ಕ್ಯಾರಿಯರ್ ಇಟ್ಟು, ಅದರ ಮೇಲೆ ಕಿಟಕಿ ಪಕ್ಕದ ಕುರ್ಚಿಯ ದಿಂಬನ್ನು ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದಳು.